ಗುರುವಾರದ ಹಾಳೆ

"ಬರ್ಕೊಳ್ಳಿ ದೊಡ್ಡಮ್ಮ. ನನ್ನ ತಮ್ಮನ್ನ ಕೊಂದಿದ್ದು ನಾನೇ ಅಂತ ಬರ್ಕೊಳ್ಳಿ. ಕೆಳಗಡೆ ಸಹಿ ಹಾಕ್ತೀನಿ."

ಹೀಗೆ ಹೇಳಿ ಆ ಹೆಂಗಸು ಹೊಸ ಕನ್ನಡಕವನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು. ಅದನ್ನು ಹಾಕಿಕೊಂಡು ಲೋಕವನ್ನು ನೋಡುವ ಅರ್ಹತೆ ತನಗಿಲ್ಲ ಎಂಬಂತೆ.

ದೊಡ್ಡಮ್ಮನವರು ನ್ಯಾಯಾಲಯದಲ್ಲಿ ಮೂವತ್ತೈದು ವರ್ಷ ಟೈಪಿಸ್ಟ್ ಆಗಿದ್ದವರು. "ಮೂವತ್ತೈದು ವರ್ಷ ಜನರ ಸುಳ್ಳನ್ನು ಮೂರು ಮೂರು ಪ್ರತಿ ಹೊಡೆದಿದೀನಿ" ಎಂದು ಅವರೇ ಹೇಳುತ್ತಿದ್ದರು. ನಿವೃತ್ತರಾದ ಮೇಲೂ ಟೈಪ್‌ರೈಟರು ಪಡಸಾಲೆಯ ಮೇಜಿನ ಮೇಲೆ ಕೂತಿತ್ತು. ಊರಿನ ಇನ್ಸ್‌ಪೆಕ್ಟರ್ ಯಾವುದಾದರೂ ಕೇಸಿಗೆ ತಲೆಕೆಡಿಸಿಕೊಂಡಾಗಲೆಲ್ಲ ಅದರ ಎದುರಿನ ಕುರ್ಚಿಗೆ ಬಂದು ಕೂರುತ್ತಿದ್ದರು. ಮಹಡಿಯ ಮೇಲೆ ಬಾಡಿಗೆಗಿದ್ದ ಡ್ರಾಯಿಂಗ್ ಮೇಷ್ಟ್ರು ಇದನ್ನೆಲ್ಲ ಹನ್ನೆರಡು ವರ್ಷದಿಂದ ನೋಡಿದ್ದರು. ಆದರೆ ಅಂದು ಆ ಕುರ್ಚಿಯಲ್ಲಿ ಕೂತವಳು ಅವರಿಗೇ ಬೇಕಾದವಳು. ಅವರ ಕಾಲೇಜಿನ ಜೀವದ ಗೆಳೆಯ, ಎಂಟು ದಿನದ ಹಿಂದೆ ತಲೆಯೊಡೆದು ಸತ್ತುಹೋದ ರಟ್ಟುವಿನ ಅಕ್ಕ.

ರಟ್ಟು ಎಂಬುದು ಹಾಸ್ಟೆಲಿನ ಏಳನೇ ನಂಬರ್ ಕೋಣೆಯ ಗೆಳೆಯರು ಇಟ್ಟ ಹೆಸರು. ಯಾರ ನೋಟ್‌ಬುಕ್ ಹರಿದರೂ ಆತ ತಾನಾಗಿಯೇ ಎತ್ತಿಕೊಂಡು ಹೋಗಿ ರಟ್ಟು ಹಾಕಿ ತರುತ್ತಿದ್ದ. ಓದು ಮುಗಿಸಿ ಉಳಿದವರು ದೊಡ್ಡ ಮನುಷ್ಯರಾದರೆ, ಅವನು ಬೈಂಡಿಂಗ್ ಅಂಗಡಿ ಇಟ್ಟು ಅಲ್ಲೇ ನೆಮ್ಮದಿಯಾಗಿದ್ದ. ದೇವರು ಕೆಲವರಿಗೆ ಇಷ್ಟೇ ಸಾಕು ಎನ್ನುವ ವರವನ್ನು ಹುಟ್ಟುವಾಗಲೇ ಕೊಟ್ಟು ಕಳಿಸಿರುತ್ತಾನೆ.

"ಬರ್ಕೊಳ್ಳೋದು ಇದ್ದೇ ಇದೆ. ಮೊದಲು ಏನಾಯ್ತು ಹೇಳಮ್ಮ" ಎಂದರು ದೊಡ್ಡಮ್ಮ.

"ನಂಗೆ ತಿಂಗಳಿಂದ ಕಣ್ಣು ಮಂಜು. ಪುಸ್ತಕ ಹೊಲಿಯೋ ನನ್ನ ಕೆಲಸಾನೂ ಅವನೇ ಮಾಡ್ಕೋತಿದ್ದ. ಆವತ್ತು ಗುರುವಾರ, ಬೆಳಿಗ್ಗೆ ಕಸ ಗುಡಿಸುವಾಗ ಮೇಜಿನ ಮೇಲಿದ್ದ ಕಬ್ಬಿಣದ ಗಟ್ಟಿ ಎತ್ತಿ ಮೇಲೆ ಗೋಡೆಯ ಹಲಗೆ ಮೇಲಿಟ್ಟೆ. ಪುಸ್ತಕದ ಮೇಲೆ ಹೇರೋದು, ಹಿಡಿ ಇದೆ ಅದಕ್ಕೆ. ಅಂಚಲ್ಲಿಟ್ಟೆನೋ ಒಳಗಿಟ್ಟೆನೋ ಕಾಣಿಸ್ಲಿಲ್ಲ. ಕನ್ನಡಕ ತರೋಕೆ ಹೋದೆ. ಐದು ಗಂಟೆಗೆ ವಾಪಸ್ ಬಂದು ಕನ್ನಡಕ ಹಾಕ್ಕೊಂಡು ಮೊದಲು ನೋಡಿದ್ದು..." ರಟ್ಟು ನೆಲದ ಮೇಲೆ ಬಿದ್ದಿದ್ದ.  ಗಟ್ಟಿ ಅವನ ತಲೆಯ ಪಕ್ಕದಲ್ಲೇ ಬಿದ್ದಿತ್ತು. ಪೊಲೀಸರು ಮೇಲೆ ನೋಡಿದರು, ಕೆಳಗೆ ನೋಡಿದರು, ಆಕಸ್ಮಿಕ ಎಂದು ಬರೆದು ಹೋದರು.

ಅವಳು ಎಂಟು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ ಎಂಬುದು ಅವಳ ಕೈಯ ಸಡಿಲ ಬಳೆ ನೋಡಿದರೆ ತಿಳಿಯುತ್ತಿತ್ತು.

"ನಡಿ, ಅಂಗಡಿ ತೋರ್ಸು" ಎಂದು ದೊಡ್ಡಮ್ಮ ಚಪ್ಪಲಿ ಮೆಟ್ಟಿದರು. ಮೇಷ್ಟ್ರೂ ಹಿಂದೆಯೇ ಹೊರಟರು.

ಅಂಗಡಿ ಉದ್ದನೆಯ ಒಂದೇ ಕೋಣೆ. ಅಂಟಿನ ಹುಳಿ ವಾಸನೆ, ಗೋಡೆಗೊರಗಿಸಿದ ರಟ್ಟಿನ ಹಾಳೆಗಳು, ಬಣ್ಣಬಣ್ಣದ ಬಟ್ಟೆಯ ಸುರುಳಿಗಳು. ಮೂಲೆಯಲ್ಲಿ ಪುಸ್ತಕ ಒತ್ತುವ ಪ್ರೆಸ್ಸು ನಿಂತಿತ್ತು. ಅದರ ತಿರುಪೇ ಇರಲಿಲ್ಲ.

"ಸೋಮವಾರ ಲೇತ್ ಅಂಗಡಿಗೆ ಕೊಟ್ಟಿದ್ದ. ತಿರುಪಿನ ಸುತ್ತು ಸವೆದಿತ್ತು" ಎಂದಳು ಅಕ್ಕ.

"ಹಾಗಾದ್ರೆ ಆ ವಾರ ಪುಸ್ತಕ ಒತ್ತೋಕೆ?"

"ಎರಡು ಹಲಗೆ ಮಧ್ಯೆ ಇಟ್ಟು, ಮೇಲೆ ಆ ಕಬ್ಬಿಣದ ಗಟ್ಟಿ ಹೇರೋದು. ಇನ್ನೇನಿದೆ."

ಮೇಜಿನ ಮೇಲೆ ಎರಡು ನುಣುಪು ಹಲಗೆಗಳು ಒಂದರ ಮೇಲೊಂದು ಇದ್ದವು. ಮಧ್ಯೆ ಏನೂ ಇರಲಿಲ್ಲ. ದೊಡ್ಡಮ್ಮ ಮೇಲಿನ ಹಲಗೆ ಎತ್ತಿ ನೋಡಿ ಮತ್ತೆ ಮುಚ್ಚಿದರು. ಆಮೇಲೆ ಗೋಡೆಯತ್ತ ತಿರುಗಿ, ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರಿನ ಮುಂದೆ ಬಹಳ ಹೊತ್ತು ನಿಂತರು.

"ಇದನ್ನ ಯಾರಾದ್ರೂ ಮುಟ್ಟಿದ್ರಾ?"

"ಇಲ್ಲ. ಆವತ್ತೇ ಪೊಲೀಸರು ಬೀಗ ಹಾಕಿ ಬೀಗದಕೈ ತಗೊಂಡು ಹೋದ್ರು. ನಿನ್ನೆ ಕೊಟ್ರು."

"ನಿನ್ನ ತಮ್ಮ ಹೋಗಿದ್ದು ಗುರುವಾರ. ಇಲ್ಲಿ ಕಾಣ್ತಿರೋದು ಅದರ ಮಾರನೇ ದಿನ, ಶುಕ್ರವಾರ. ಗುರುವಾರದ ಹಾಳೆ ಎಲ್ಲಿ?"

ಕಸದ ಬುಟ್ಟಿಯಲ್ಲಿರಲಿಲ್ಲ. ರಟ್ಟು ಕಾಗದ ಬಿಸಾಡುವವನೇ ಅಲ್ಲ. ರದ್ದಿಯನ್ನೆಲ್ಲ ದಾರ ಕಟ್ಟಿ ಮೇಜಿನ ಕೆಳಗಿಡುತ್ತಿದ್ದ. ದೊಡ್ಡಮ್ಮ ಆ ಕಟ್ಟನ್ನು ಬಿಚ್ಚಿ ಒಂದೊಂದಾಗಿ ನೋಡಿದರು. ಗುರುವಾರ ಸಿಗಲಿಲ್ಲ. ಎಲ್ಲಕ್ಕಿಂತ ಮೇಲೆ, ಚಾಕುವಿನಿಂದ ನೀಟಾಗಿ ಕತ್ತರಿಸಿದ ಅಚ್ಚಿನ ಹಾಳೆಯೊಂದಿತ್ತು. ಅದನ್ನು ಓದಿ, ಮಡಿಸಿ, ಚೀಲಕ್ಕೆ ಹಾಕಿಕೊಂಡರು. ಮೇಷ್ಟ್ರಿಗೆ ಕಂಡಿದ್ದು ಮೂಲೆಯಲ್ಲಿದ್ದ ಎಂಬತ್ತೇಳು ಎಂಬ ಸಂಖ್ಯೆ ಮಾತ್ರ.

ಎದುರು ಅಂಗಡಿಯ ಛತ್ರಿ ರಿಪೇರಿಯವನು ತನಗೆ ತಿಳಿದದ್ದನ್ನು ಹೇಳಿದ. "ಮಧ್ಯಾಹ್ನ ಹನ್ನೆರಡಕ್ಕೆ ಹಲ್ಲು ಡಾಕ್ಟ್ರ ಸ್ಕೂಟರ್ ನಿಂತಿತ್ತು. ಆಮೇಲೆ ನಾನು ಊಟಕ್ಕೆ ಹೋಗಿ ಒಂದು ನಿದ್ದೆ ತೆಗೆದೆ. ನಿದ್ದೆಯಲ್ಲಿ ಯಾರು ಬಂದ್ರೋ ನಂಗೊತ್ತಿಲ್ಲ ಸ್ವಾಮಿ."

ಹಲ್ಲು ಡಾಕ್ಟರು ಏಳನೇ ನಂಬರ್ ಕೋಣೆಯವನೇ. ಸಾವಿನ ಮನೆಯಲ್ಲಿ ಮೇಷ್ಟ್ರ ಹೆಗಲ ಮೇಲೆ ಕೈಹಾಕಿ, "ಆರು ತಿಂಗಳಾಯ್ತು ಕಣೋ ಅವನ ಮುಖ ನೋಡಿ" ಎಂದು ಅತ್ತಿದ್ದ.

ಆ ಸಂಜೆ ದೊಡ್ಡಮ್ಮ ಪತ್ರಿಕೆ ಹಿಡಿದು ಕೂತರು. ಅದರಲ್ಲಿ ಏಳನೇ ನಂಬರಿನ ಇನ್ನೊಬ್ಬ, ಊರಿಗೆಲ್ಲ ಬೇಕಾದ ಭಾಷಣಕಾರ, ಗೆಳೆಯರ ಬಾಯಲ್ಲಿ ಮೈಕು, ತನ್ನ ಅಗಲಿದ ಮಿತ್ರನ ಬಗ್ಗೆ ಬರೆದ ಲೇಖನವಿತ್ತು.

"ಒಟ್ಟು ನಲವತ್ತು ವಾಕ್ಯ ಮೇಷ್ಟ್ರೇ. ಮೂವತ್ತೊಂದು 'ನಾನು' ಅಂತ ಶುರುವಾಗುತ್ವೆ. ಸತ್ತವನಿಗೆ ಒಂಬತ್ತು ಬಿಟ್ಟುಕೊಟ್ಟಿದಾನೆ. ದೊಡ್ಡ ಮನಸ್ಸು. ಇಲ್ಲಿ ಕೇಳಿ: 'ನಾನು ಬಾವಿಗೆ ಹಾರಿ ನಮ್ಮ ಗಡ್ಡನನ್ನು ಎತ್ತಿಕೊಂಡು ಬಂದಾಗ ದಡದಲ್ಲಿ ನಿಂತು ಮಗುವಿನಂತೆ ಅಳುತ್ತಿದ್ದವನು ರಟ್ಟು.' ಇದೇನು ಕತೆ?"

"ಅದು ಅವನ ಹಳೇ ಕತೆ. ಯಾವ ವೇದಿಕೆ ಹತ್ತಿದ್ರೂ ಹೇಳ್ತಾನೆ. ಈಗ ಅವನ ಆತ್ಮಕತೆಯಲ್ಲೂ ಬಂದಿದೆಯಂತೆ. ರಜೆಯಲ್ಲಿ ನಮ್ಮ ಕೋಣೆಯ ಗಡ್ಡ ಹಾಸ್ಟೆಲ್ ಹಿಂದಿನ ಬಾವಿಗೆ ಬಿದ್ದಿದ್ದ. ನಾನು ಊರಿಗೆ ಹೋಗಿದ್ದೆ. ವಾಪಸ್ ಬಂದಾಗ ಮೈಕುಗೆ ಹೂವಿನ ಹಾರ, ಗಡ್ಡನಿಗೆ ಏನೂ ನೆನಪಿಲ್ಲದಷ್ಟು ಜ್ವರ, ರಟ್ಟು ಕಾಲಿಗೆ ಬ್ಯಾಂಡೇಜು."

"ರಟ್ಟುಗೆ ಯಾಕೆ ಬ್ಯಾಂಡೇಜು?"

"ಮೆಟ್ಟಿಲಿಂದ ಬಿದ್ದೆ ಅಂದಿದ್ದ. ಒಂದು ತಿಂಗಳು ಕುಂಟಿದ."

ದೊಡ್ಡಮ್ಮ ಕನ್ನಡಕದ ಮೇಲಿಂದ ಮೇಷ್ಟ್ರನ್ನು ನೋಡಿದ ನೋಟದಲ್ಲಿ, ಇಪ್ಪತ್ತಾರು ವರ್ಷ ಇದನ್ನು ಅರ್ಥಮಾಡಿಕೊಳ್ಳದೆ ಹೊತ್ತು ತಿರುಗಿದೆಯಲ್ಲ ಮಹಾರಾಯ ಎಂಬ ತಾತ್ಸಾರವಿತ್ತು. ಮೇಷ್ಟ್ರು ತಲೆ ತಗ್ಗಿಸಿ ಮಹಡಿ ಹತ್ತಿದರು.

ಮೇಲೆ ಹೋಗಿ ಟ್ರಂಕು ತೆಗೆದು ತಮ್ಮ ಹಳೆಯ ಡ್ರಾಯಿಂಗ್ ಪುಸ್ತಕವನ್ನು ಕೈಗೆತ್ತಿಕೊಂಡರು. ರಟ್ಟು ಕಾಲೇಜಿನಲ್ಲಿ ಕಟ್ಟಿಕೊಟ್ಟಿದ್ದ ನೀಲಿ ಬಟ್ಟೆಯ ಪುಸ್ತಕ. ಬೆನ್ನಿನ ಬಟ್ಟೆ ಸವೆದು ಬಿರಿದಿತ್ತು. ಒಳಗೆ ಹಾಳೆಗಳ ಬೆನ್ನಿಗೆ ಅಂಟಿಸಿದ ಕ್ಯಾಲೆಂಡರಿನ ಹಾಳೆ ಕಾಣುತ್ತಿತ್ತು: ಒಂದು ಮಂಗಳವಾರ, ಹದಿನಾಲ್ಕನೇ ತಾರೀಖು, ಅವರ ಕಾಲೇಜಿನ ಎರಡನೇ ವರ್ಷ. ಮೇಷ್ಟ್ರು ಹಾಗೇ ಕೂತುಬಿಟ್ಟರು. ಹಾಸ್ಟೆಲಿನ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಬೆರಳಿಗೆಲ್ಲ ಅಂಟು ಮಾಡಿಕೊಂಡು, ರಟ್ಟು ಹೇಳುತ್ತಿದ್ದ ಮಾತು ಕಿವಿಯಲ್ಲಿ ಕೇಳಿಸಿತು. "ಪುಸ್ತಕಕ್ಕೂ ಹುಟ್ಟಿದ ದಿನ ಇರುತ್ತೆ ಕಣೋ. ಮುಗಿಸಿದ ದಿನದ ಹಾಳೆ ಅಲ್ಲೇ ಹರಿದು ಬೆನ್ನಿಗೆ ಹಾಕಿಬಿಡ್ತೀನಿ. ಅದಕ್ಕೆ ಗೊತ್ತಿದ್ರೆ ಸಾಕು, ಓದೋರಿಗೆ ಯಾಕೆ."

ಮೇಷ್ಟ್ರು ಎರಡೆರಡು ಮೆಟ್ಟಿಲು ಹಾರಿ ಕೆಳಗಿಳಿದರು. ದೊಡ್ಡಮ್ಮ ಪುಸ್ತಕವನ್ನು ನೋಡಿ ಮೊದಲ ಸಲ ನಕ್ಕರು. "ಮೂವರಿಗೂ ಫೋನ್ ಮಾಡಿ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅಂಗಡಿಯಲ್ಲಿ ಸೇರೋಣ. ರಟ್ಟು ಕಟ್ಟಿದ ಒಂದೊಂದು ಪುಸ್ತಕ ತರಲಿ, ಒಂದೆರಡು ಮಾತಾಡಲಿ. ಬರೀಗೈಯಲ್ಲಿ ಬರಬೇಡಿ ಅನ್ನಿ. ಆಪ್ತಮಿತ್ರರು ತಾನೇ."

ಭಾನುವಾರ ಎಲ್ಲರೂ ಬಂದರು. ಹಲ್ಲು ಡಾಕ್ಟರು ಕಾಲೇಜಿನ ನೋಟ್ಸ್ ತಂದಿದ್ದ. ಸಸಿಗಳ ನರ್ಸರಿ ಇಟ್ಟಿದ್ದ ಗಡ್ಡ, ಮಣ್ಣಿನ ಬೆರಳಿನ ಗುರುತಿದ್ದ ದಪ್ಪ ಗಿಡಗಳ ಪುಸ್ತಕ ತಂದಿದ್ದ. ಮೇಷ್ಟ್ರ ನೀಲಿ ಪುಸ್ತಕ ಇದ್ದೇ ಇತ್ತು. ಕೊನೆಗೆ ಬಂದ ಮೈಕು ರೇಷ್ಮೆ ಕರವಸ್ತ್ರ ಬಿಚ್ಚಿ ತನ್ನದೇ ಆತ್ಮಕತೆಯನ್ನು ಹೊರತೆಗೆದ. ಅಂಗಡಿಗಳಲ್ಲಿ ಮಾರುವ ಪ್ರತಿಯಲ್ಲ, ರಟ್ಟು ಬೇರೆಯಾಗಿ ಕಟ್ಟಿದ್ದು: ಕೆಂಪು ಬಟ್ಟೆ, ಚಿನ್ನದ ಅಕ್ಷರ. ಪುಸ್ತಕದ ಹೆಸರಿಗಿಂತ ಅವನ ಹೆಸರು ದೊಡ್ಡದಾಗಿತ್ತು. ಬಾಗಿಲ ಬಳಿ ಸ್ಟೂಲಿನ ಮೇಲೆ ಮಫ್ತಿಯಲ್ಲಿ ಕೂತಿದ್ದ ಇನ್ಸ್‌ಪೆಕ್ಟರನ್ನು ಯಾವನೋ ಗಿರಾಕಿ ಎಂದುಕೊಂಡು ಮೈಕು ಅವರಿಗೂ ಕೈಮುಗಿದ. ಕೈಮುಗಿಯುವುದು ಅವನಿಗೆ ಉಸಿರಾಡಿದಷ್ಟೇ ಸಲೀಸು.

ಗಡ್ಡ ಎದ್ದುನಿಂತು, "ಒಳ್ಳೆಯವನಿದ್ದ" ಎಂದು ಹೇಳಿ ಕೂತ. ಡಾಕ್ಟರು ಎರಡು ನಿಮಿಷ ಮಾತಾಡಿ ಮೂರು ಸಲ ಬೆವರು ಒರೆಸಿಕೊಂಡ. ಮೈಕು ಇಪ್ಪತ್ತು ನಿಮಿಷ ಮಾತಾಡಿದ. ಅವನ ದನಿ ಎಲ್ಲಿ ನಡುಗಬೇಕೋ ಅಲ್ಲೇ ನಡುಗಿತು.

"ಈ ಪುಸ್ತಕ ನೋಡಿ. ಎರಡು ತಿಂಗಳ ಹಿಂದೆ, ಬಿಡುಗಡೆಯಾದ ವಾರವೇ, ಮನೆಗೆ ಬಂದು ಕೈಯಲ್ಲಿಟ್ಟ. ಅವನ ಕಣ್ಣಲ್ಲಿ ನೀರು."

"ಆಮೇಲೆ ನೀವು ಈ ಕಡೆ ಬಂದಿದ್ರಾ?" ಎಂದು ಕೇಳಿದರು ದೊಡ್ಡಮ್ಮ.

"ಎಲ್ಲಿ ಪುರುಸೊತ್ತು ತಾಯಿ. ಈ ಅಂಗಡಿಗೆ ಕಾಲಿಟ್ಟು ವರ್ಷವೇ ಆಯ್ತು."

"ಡಾಕ್ಟ್ರೇ, ನೀವು?"

"ಆರು ತಿಂಗಳು..."

"ಸ್ಕೂಟರ್ ಒಂದೇ ಬಂದಿತ್ತಾ ಹಾಗಾದ್ರೆ? ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ?"

ಡಾಕ್ಟರ ಮುಖ ಬಿಳುಚಿತು. ಹರಿದ ರಿಜಿಸ್ಟರ್ ಕೊಡಲು ಬಂದಿದ್ದೆ, ಹತ್ತು ನಿಮಿಷ ಇದ್ದು ಹೋದೆ, ಕೋರ್ಟು ಕಚೇರಿ ಅಂತ ಅಲೆಯಬೇಕಾಗುತ್ತದೆಂದು ಸುಮ್ಮನಿದ್ದೆ ಎಂದು ತೊದಲಿದ. ಆ ರಿಜಿಸ್ಟರ್ ಅಲ್ಲೇ ಗೂಡಿನಲ್ಲಿತ್ತು.

"ಸತ್ತ ಗೆಳೆಯನಿಗಿಂತ ನಿಮ್ಮ ಕ್ಲಿನಿಕ್ಕಿನ ಸಮಯ ದೊಡ್ಡದು. ಕೂತ್ಕೊಳ್ಳಿ, ನೀವು ಹೇಡಿ ಅಷ್ಟೇ. ಅದಕ್ಕೆ ಶಿಕ್ಷೆ ಇಲ್ಲ" ಎಂದು ದೊಡ್ಡಮ್ಮ ನಾಲ್ಕೂ ಪುಸ್ತಕಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. "ಅಮ್ಮಾ, ಆ ಕನ್ನಡಕ ಹಾಕ್ಕೊಂಡು ಇಲ್ಲಿ ಬಾ. ಏನು ಕಾಣುತ್ತೆ ಹೇಳು."

ಅಕ್ಕ ಬಗ್ಗಿ ನೋಡಿದಳು. ಮೂರು ಪುಸ್ತಕಗಳು ಮೇಜಿಗೆ ಅಂಟಿಕೊಂಡಂತೆ ಚಪ್ಪಟೆ ಮಲಗಿದ್ದವು. ಕೆಂಪು ಪುಸ್ತಕದ ಎರಡು ರಟ್ಟೂ ಒಣಗಿದ ಎಲೆಯ ಹಾಗೆ ಹೊರಕ್ಕೆ ಸೊಟ್ಟಗಾಗಿದ್ದವು.

"ಇದು ಹಸಿಯಿದ್ದಾಗ್ಲೇ ತೆಗೆದಿರೋದು" ಎಂದಳು. "ನನ್ನ ತಮ್ಮ ಒಂದು ಹಗಲು ಒಂದು ರಾತ್ರಿ ಒತ್ತಿಡದೆ ಯಾವನಿಗೂ ಪುಸ್ತಕ ಕೊಟ್ಟವನಲ್ಲ. ಯಾರು ಬಂದು ಕಾಲು ಹಿಡಿದ್ರೂ ನಾಳೆ ಬಾ ಅಂತಿದ್ದ."

"ನಮ್ಮನೇಲಿ ತೇವ ಜಾಸ್ತಿ" ಎಂದ ಮೈಕು. ದನಿ ಇನ್ನೂ ಗಟ್ಟಿಯಾಗಿತ್ತು.

"ಇರಬಹುದು. ಮೇಷ್ಟ್ರೇ, ಚಾಕು ತಗೊಳ್ಳಿ. ಬೆನ್ನು ಬಿಚ್ಚಿ."

ಮೇಷ್ಟ್ರ ಕೈ ಮುಂದೆ ಹೋಗಲಿಲ್ಲ. ಯಾರದೇ ಪುಸ್ತಕವಾಗಲಿ, ಗೆಳೆಯನ ಬೆರಳು ಕಟ್ಟಿದ್ದು. ಆದರೆ ಪಕ್ಕದಲ್ಲಿ ನಿಂತ ಅಕ್ಕನ ಸಡಿಲ ಬಳೆಗಳು ಸಣ್ಣಗೆ ಸದ್ದು ಮಾಡುತ್ತಿದ್ದವು. ಮನಸ್ಸಿನಲ್ಲೇ ಕ್ಷಮೆ ಕೇಳಿ, ಬಟ್ಟೆಯನ್ನು ಅಂಚಿನುದ್ದಕ್ಕೂ ಕೊಯ್ದು ಸರಿಸಿದರು. ಒಳಗೆ ಬೆನ್ನಿಗಂಟಿದ ಕಾಗದ ಬೆಳಕಿಗೆ ಬಂತು. ಮೇಷ್ಟ್ರು ಬಗ್ಗಿ ಓದಿದರು.

"ಗುರುವಾರ" ಎಂದರು. "ರಟ್ಟು ಹೋದ ತಾರೀಖು. ಇದೇ ತಿಂಗಳು, ಇದೇ ವರ್ಷ."

ಇನ್ಸ್‌ಪೆಕ್ಟರ್ ಸ್ಟೂಲನ್ನು ಬಾಗಿಲಿಗೆ ಅಡ್ಡವಾಗಿ ಎಳೆದುಕೊಂಡರು.

ದೊಡ್ಡಮ್ಮ ಸಾಕ್ಷಿ ಓದಿ ಹೇಳುವವರ ಹಾಗೆ ನಿಧಾನವಾಗಿ ಶುರುಮಾಡಿದರು. "ಗೋಡೆ ಮೇಲೆ ಗುರುವಾರ ಕಾಣೆಯಾಗಿತ್ತು. ಮುಗಿಸಿದ ದಿನದ ಹಾಳೆಯನ್ನ ರಟ್ಟು ಪುಸ್ತಕದ ಬೆನ್ನಿಗೆ ಹಾಕ್ತಿದ್ದ ಅನ್ನೋದು ಮೇಷ್ಟ್ರ ನೀಲಿ ಪುಸ್ತಕ ಹೇಳಿತು. ಅಂದ್ರೆ ಗುರುವಾರ ಒಂದು ಪುಸ್ತಕ ಮುಗಿದಿದೆ. ಮುಗಿದ ಪುಸ್ತಕ ಅಂಗಡಿಯಲ್ಲಿಲ್ಲ. ಸರಿ, ಪುಸ್ತಕ ಹಸಿ. ಒತ್ತಿಡಬೇಕು. ಪ್ರೆಸ್ಸಿಗೆ ತಿರುಪಿಲ್ಲ. ಹಾಗಾದ್ರೆ ಆ ಕಬ್ಬಿಣದ ಗಟ್ಟಿ ಮಧ್ಯಾಹ್ನ ಎಲ್ಲಿತ್ತು?"

ಉತ್ತರ ಅಕ್ಕನಿಂದ ಬಂತು, ಬಹಳ ಮೆಲ್ಲಗೆ. "ಪುಸ್ತಕದ ಮೇಲೆ."

"ಪುಸ್ತಕದ ಮೇಲೆ. ನೀನು ಬೆಳಿಗ್ಗೆ ಎಲ್ಲಿಟ್ಟೆ ಅನ್ನೋದು ಮುಖ್ಯವೇ ಅಲ್ಲ. ನಿನ್ನ ತಮ್ಮ ತಾನೇ ಅದನ್ನ ಇಳಿಸಿ ಮೇಜಿನ ಮೇಲೆ ಹೇರಿದ್ದ. ಮೇಜಿನ ಮೇಲಿರೋ ಕಬ್ಬಿಣ ನಿಂತವನ ತಲೆ ಮೇಲೆ ಬೀಳಲ್ಲಮ್ಮ. ಅದನ್ನ ಒಂದು ಕೈ ಎತ್ತಬೇಕು. ಎತ್ತಿದ ಕೈ ಹೊಡೀತು, ಆಮೇಲೆ ಹಸಿ ಪುಸ್ತಕ ತಗೊಂಡು ಹೋಯ್ತು."

ಅಕ್ಕ ಮೇಜಿನ ಅಂಚನ್ನು ಹಿಡಿದುಕೊಂಡಳು. ಗಡ್ಡ ಎದ್ದು ಅವಳಿಗೆ ಕುರ್ಚಿ ಸರಿಸಿದ.

"ಯಾಕೆ ಹೊಡೆದ ಅನ್ನೋದಕ್ಕೆ ಇಲ್ಲಿದೆ." ದೊಡ್ಡಮ್ಮ ಚೀಲದಿಂದ ಆ ಹಾಳೆ ತೆಗೆದು ಬಿಡಿಸಿದರು. "ಎಂಬತ್ತೇಳು, ಎಂಬತ್ತೆಂಟು. ಬಾವಿಗೆ ಹಾರಿದ ವೀರನ ಕತೆ. ಮೇಷ್ಟ್ರೇ, ಕೆಂಪು ಪುಸ್ತಕದಲ್ಲಿ ಈ ಪುಟ ಇದೆಯಾ ನೋಡಿ."

ಎಂಬತ್ತಾರರ ಪಕ್ಕದಲ್ಲಿ ಎಂಬತ್ತೊಂಬತ್ತಿತ್ತು.

"ಬೈಂಡರ್ ಅದೊಂದನ್ನ ಬಿಟ್ಟು ಕಟ್ಟಿದ್ದ. ಯಾಕಂದ್ರೆ ಬಾವಿಗೆ ಹಾರಿದವನ ಕಾಲು ಬಾವಿಯ ಮೆಟ್ಟಿಲ ಕಲ್ಲಿಗೆ ಬಡಿದು ಸೀಳಿತ್ತು. ಒಂದು ತಿಂಗಳು ಕುಂಟಿದ. ಹಾರ ಹಾಕಿಸ್ಕೊಂಡವನ ಕಾಲಿಗೆ ಏನಾಗಿತ್ತು ಮೇಷ್ಟ್ರೇ?"

"ಏನೂ ಆಗಿರ್ಲಿಲ್ಲ" ಎಂದರು ಮೇಷ್ಟ್ರು.

"ಗಾಯ ತೊಳೆದಿದ್ದು ನಾನು" ಎಂದಳು ಅಕ್ಕ. "ಪಾಚಿ ಮೆತ್ತಿತ್ತು. ಯಾರಿಗೂ ಹೇಳಬೇಡ ಅಂದ. ಪಾಪ, ಅವನಿಗೆ ಹಾರ ಇಷ್ಟ ಅಕ್ಕ, ಇಟ್ಕೊಳ್ಳಲಿ ಬಿಡು ಅಂದ."

 ಮೈಕು ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದ. ಸಭೆ ಕೈತಪ್ಪಿದ್ದು ಭಾಷಣಕಾರನಿಗೆ ಬೇಗ ತಿಳಿಯುತ್ತದೆ.

"ಬಾಯಲ್ಲಿ ಹೇಳ್ಕೊಂಡಿರು, ಗಾಳಿಗೆ ಹೋಗುತ್ತೆ ಅಂದ" ಎಂದ. ದನಿಯಲ್ಲಿ ಅಭ್ಯಾಸದ ನಡುಕ ಇರಲಿಲ್ಲ. "ನಾನು ಕಟ್ಟಿದ್ದು ನೂರು ವರ್ಷ ನಿಲ್ಲುತ್ತೆ, ಅದರೊಳಗೆ ಇದನ್ನ ಹೊಲಿಯಲ್ಲ ಅಂದ. ಆ ಶನಿವಾರ ಕಾಲೇಜಲ್ಲಿ ನಂಗೆ ಸನ್ಮಾನ ಇತ್ತು. ವೇದಿಕೆ ಮೇಲೆ ನೀನೇ ಹೇಳು, ಇಲ್ಲಾಂದ್ರೆ ನಾನು ಎದ್ದುನಿಂತು ಹೇಳ್ತೀನಿ ಅಂದ. ಹೇಳಿ ಆ ಕಡೆ ತಿರುಗಿ ಬ್ರಷ್ ತೊಳೀತಾ ನಿಂತ. ನನ್ನ ಮುಖ ಕೂಡ ನೋಡ್ಲಿಲ್ಲ. ಬಾವಿ ಕತೆ ಬಿಟ್ರೆ ನಂಗೇನಿದೆ ಹೇಳಿ?"

"ಏನೂ ಇಲ್ಲ" ಎಂದರು ದೊಡ್ಡಮ್ಮ. "ಶನಿವಾರ ಶಾಲು ಹೊದ್ದುಕೊಂಡು ಅವನಿಗೇ ಒಂದು ನಿಮಿಷ ಮೌನ ಆಚರಿಸಿದ್ಯಂತೆ. ನಿನ್ನ ಜೀವಮಾನದಲ್ಲಿ ನೀನು ಬಾಯಿ ಮುಚ್ಚಿದ್ದು ಅದೊಂದೇ ನಿಮಿಷ ಇರಬೇಕು."

"ದೊಡ್ಡಮ್ಮ, ನಂಗೊಂದು ಅರ್ಥವಾಗ್ಲಿಲ್ಲ" ಎಂದರು ಇನ್ಸ್‌ಪೆಕ್ಟರ್. "ಈ ಪುಸ್ತಕ ಸುಟ್ಟುಹಾಕಿದ್ರೆ ಕೇಸೇ ಇರ್ತಿರ್ಲಿಲ್ಲ. ತಾನಾಗೇ ತಂದು ಮೇಜಿನ ಮೇಲಿಟ್ಟನಲ್ಲ."

"ಉಳಿದವರಿಗೆಲ್ಲ ರಟ್ಟು ಕಟ್ಟಿದ ಪುಸ್ತಕ ಇದೆ, ಇವನೊಬ್ಬ ಬರೀಗೈಯಲ್ಲಿ ಬರೋಕಾಗುತ್ತಾ? ಇನ್ನು ಸುಡೋದು." ದೊಡ್ಡಮ್ಮ ಕೆಂಪು ರಟ್ಟಿನ ಮೇಲಿನ ಚಿನ್ನದ ಅಕ್ಷರವನ್ನು ಬೆರಳ ತುದಿಯಿಂದ ತಟ್ಟಿದರು. "ಮೂವತ್ತೈದು ವರ್ಷದಲ್ಲಿ ಎಷ್ಟೋ ಕೊಲೆಗಾರರನ್ನ ಟೈಪ್ ಮಾಡಿದೀನಿ. ಗೆಳೆಯನನ್ನ ಕೊಲ್ಲೋಕೆ ಕೈ ಬಂತು, ತನ್ನ ಹೆಸರನ್ನ ಸುಡೋಕೆ ಬರ್ಲಿಲ್ಲ. ಇಂಥವನನ್ನ ನೋಡಿದ್ದು ಇದೇ ಮೊದಲು."

ಇನ್ಸ್‌ಪೆಕ್ಟರ್ ಅವನ ತೋಳು ಹಿಡಿದಾಗ ಗಡ್ಡ ಅಡ್ಡ ನಿಂತ. ಹೊಡೆಯುತ್ತಾನೆ ಎಂದು ಮೇಷ್ಟ್ರು ಮುಂದೆ ಬಂದರು. ಗಡ್ಡ ಹೊಡೆಯಲಿಲ್ಲ.

"ಪ್ರತಿ ವರ್ಷ ಬಾವಿಗೆ ಬಿದ್ದ ಆ ತಾರೀಖಿಗೆ ನಿಂಗೊಂದು ಗುಲಾಬಿ ಗಿಡ ಕಳಿಸ್ತಿದ್ದೆ" ಎಂದ. "ಇಪ್ಪತ್ತಾರು ಆಯ್ತು. ಇವತ್ತು ಸಾಯಂಕಾಲ ಬಂದು ಎಲ್ಲ ಕಿತ್ಕೊಂಡು ಹೋಗ್ತೀನಿ. ನಿಮ್ಮನೆಯವರಿಗೆ ಗೇಟು ತೆಗೆಯೋಕೆ ಹೇಳು."

ಮೈಕು ಹೋಗುವಾಗ ಒಮ್ಮೆ ಹಿಂದಿರುಗಿ ನೋಡಿದ. ಅವನು ನೋಡಿದ್ದು ಗೆಳೆಯರನ್ನಲ್ಲ, ಇನ್ಸ್‌ಪೆಕ್ಟರ್ ಕೈಯಲ್ಲಿ ಬೆನ್ನು ಬಿಚ್ಚಿ ನೇತಾಡುತ್ತಿದ್ದ ಪುಸ್ತಕವನ್ನು. ಅದು ಮೇಷ್ಟ್ರ ಕಣ್ಣಿಗೆ ಬಿತ್ತು. ಇಪ್ಪತ್ತಾರು ವರ್ಷ ಒಂದೇ ಕೋಣೆಯ ನಂಟು ಎಂದುಕೊಂಡಿದ್ದ ಮನುಷ್ಯನ ಬಗ್ಗೆ ಅವರಿಗೆ ಸಿಟ್ಟೂ ಬರಲಿಲ್ಲ. ಚಪ್ಪಲಿಗೆ ಮೆತ್ತಿದ ಕೆಸರನ್ನು ಹುಲ್ಲಿಗೆ ಉಜ್ಜಿ ಮುಂದೆ ನಡೆಯುವವನ ಮನಸ್ಸಿನಷ್ಟೇ ತಣ್ಣಗಿತ್ತು ಅವರ ಮನಸ್ಸು. ದೇವರು ಅವನನ್ನು ನೋಡಿಕೊಳ್ಳಲಿ, ತನ್ನಿಂದಾಗದು ಎಂದುಕೊಂಡರು.

ಡಾಕ್ಟರು ಯಾರಿಗೂ ಹೇಳದೆ ಸ್ಕೂಟರ್ ಹತ್ತಿ ಹೋಗಿಬಿಟ್ಟಿದ್ದ. ದೊಡ್ಡಮ್ಮ ಚೀಲ ಎತ್ತಿಕೊಂಡು, "ಇನ್ನೂ ಬರ್ಕೋಬೇಕೇನಮ್ಮ, ನೀನು ಕೊಂದಿದ್ದು ಅಂತ?" ಎಂದರು.

ಅಕ್ಕ ಮೇಜಿನ ಮೇಲಿದ್ದ ಮೇಷ್ಟ್ರ ನೀಲಿ ಪುಸ್ತಕವನ್ನು ಎತ್ತಿ, ಬಿರಿದ ಬೆನ್ನನ್ನು ಕನ್ನಡಕದೊಳಗಿಂದ ಪರೀಕ್ಷಿಸಿದಳು. ಅಂಟಿನ ಡಬ್ಬಿ ತೆಗೆದು ಮೂಸಿ ಮುಖ ಸಿಂಡರಿಸಿ ಹೊಸ ಅಂಟು ಕಲಸಿದಳು. ಬಿರುಕಿಗೆ ತಕ್ಕ ನೀಲಿ ಬಟ್ಟೆ ಕತ್ತರಿಸಿದಳು. ಆಮೇಲೆ ಗೋಡೆಯ ಹತ್ತಿರ ಹೋಗಿ, ಹತ್ತು ದಿನದಿಂದ ಶುಕ್ರವಾರಕ್ಕೇ ನಿಂತಿದ್ದ ಕ್ಯಾಲೆಂಡರನ್ನು ಒಂದೊಂದಾಗಿ ಹರಿದು ಭಾನುವಾರದವರೆಗೆ ತಂದಳು. ಭಾನುವಾರದ ಹಾಳೆಯನ್ನೂ ಹರಿದಳು. ಹಳೆಯ ಮಂಗಳವಾರವನ್ನು ಹಾಗೇ ಬಿಟ್ಟು, ಅದರ ಮೇಲೆ ಭಾನುವಾರವನ್ನು ಹಚ್ಚಿ, ಬಟ್ಟೆ ಎಳೆದು ಕೂರಿಸಿ, ಪುಸ್ತಕವನ್ನು ಎರಡು ಹಲಗೆಗಳ ನಡುವೆ ಇಟ್ಟಳು.

ಕಬ್ಬಿಣದ ಗಟ್ಟಿ ಮೂಲೆಯಲ್ಲಿತ್ತು. ಪೊಲೀಸರು ಹಿಂದಿರುಗಿಸಿದ ಮೇಲೆ ಅವಳು ಅದರತ್ತ ತಿರುಗಿಯೂ ನೋಡಿರಲಿಲ್ಲ. ಮೇಷ್ಟ್ರು ಎತ್ತಿಕೊಡಲು ಬಗ್ಗಿದರು.

"ಬಿಡಿ ಮೇಷ್ಟ್ರೇ, ನಂಗೆ ಕಾಣುತ್ತೆ" ಎಂದು ಅವಳೇ ಎರಡೂ ಕೈಯಿಂದ ಹಿಡಿ ಹಿಡಿದು ಎತ್ತಿ, ಹಲಗೆಯ ನಟ್ಟನಡುವೆ ಇಟ್ಟಳು.

"ನಾಳೆ ಬನ್ನಿ" ಎಂದಳು. "ಇವತ್ತು ಕೊಡಲ್ಲ."